ಉದ್ಯಾನಕ್ಕೊಂದು ಕೃಷಿಕ ಮನೆತನದ ಹೆಸರು



ನಮ್ಮ ಊರಿನ ಪಾರ್ಕುಗಳಿಗೆ ಯಾರ ಹೆಸರು ಇಡುತ್ತೇವೆ? ಇಂದಿನ ನನ್ನ ಮಾತು ಈ ಪ್ರಶ್ನೆಯ ಸುತ್ತ. ದೇಶದ ನಾಯಕರ ಹೆಸರು ಇಡುತ್ತೇವೆ. ಕವಿಗಳ ಹೆಸರು ಇಡುತ್ತೇವೆ. ಅದು ಸರಿಯೇ. ಆದರೆ ಊರಿನ ಗುಡ್ಡೆಯನ್ನು ತೋಟ ಮಾಡಿದವರು, ಕಾಡುತೋಡಿನ ನೀರನ್ನು ಗದ್ದೆಗೆ ತಿರುಗಿಸಿದವರು, ಬಿತ್ತನೆಯ ಬೀಜವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು, ಅವರ ಹೆಸರು ಎಲ್ಲಿದೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಈ ಮೂರು ಪೇಟೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಮಾತನಾಡುತ್ತೇನೆ. ಮೂರೂ ವೇಗವಾಗಿ ಬೆಳೆಯುತ್ತಿವೆ. ನಿನ್ನೆ ಗದ್ದೆ ಇದ್ದಲ್ಲಿ ಇಂದು ಬಡಾವಣೆ. ನಿನ್ನೆ ಗೇರುಗುಡ್ಡೆ ಇದ್ದಲ್ಲಿ ಇಂದು ವಸತಿ ಸಮುಚ್ಚಯ. ಬಡಾವಣೆ ಆದಲ್ಲಿ ಒಂದು ಮೂಲೆ ಪಾರ್ಕಿಗೆಂದು ಉಳಿಯುತ್ತದೆ. ಅದಕ್ಕೊಂದು ಹೆಸರು ಬೇಕಾಗುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆ ಹೆಸರು ಊರಿನ ಕೃಷಿಕ ಮನೆತನದ್ದಾಗಲಿ. ಆದರೆ ಹೆಸರು ಬಾಗಿಲ ಫಲಕದಲ್ಲಿ ನಿಲ್ಲದಿರಲಿ. ಆ ಮನೆತನ ಮಾಡಿದ ಕೆಲಸ ಪಾರ್ಕಿನ ಮಣ್ಣಿನಲ್ಲೂ ಕಾಣಿಸಲಿ.

ಮೊದಲಿಗೆ ಮೂಡುಬಿದಿರೆಗೆ ಹೋಗೋಣ.

ಮೂಡುಬಿದಿರೆ ಎಂದರೆ ಎಲ್ಲರಿಗೂ ನೆನಪಾಗುವುದು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಊರಿನವರು ಹೆಮ್ಮೆಯಿಂದ ಎಣಿಸುತ್ತಾರೆ. ಅದೇ ಮೂಡುಬಿದಿರೆಯ ಪಕ್ಕದಲ್ಲಿ ಒಂದು ಕುಟುಂಬದ ಹೆಸರಿನಿಂದಲೇ ಪ್ರಸಿದ್ಧವಾದ ಒಂದು ತೋಟವಿದೆ. ಅದು ಸೋನ್ಸ್ ಫಾರ್ಮ್. ಸುಮಾರು ನೂರು ವರ್ಷದ ಹಿಂದೆ ಸೋನ್ಸ್ ಕುಟುಂಬದವರು ಇಲ್ಲಿ ಕೃಷಿಗೆ ಇಳಿದರು. ಇಂದು ಅದು ನೂರು ಎಕರೆಯಷ್ಟು ವಿಸ್ತಾರದ ತೋಟ.

ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಏರುತಗ್ಗಿನ ಕೆಂಪು ನೆಲ. ಇಳಿಜಾರಿಗೆ ಅಡ್ಡವಾಗಿ ಸಾಲುಸಾಲು ಅನಾನಸು. ಮೊಣಕಾಲೆತ್ತರದ ಗಿಡ, ಕತ್ತಿಯಂಥ ಎಲೆ, ನಡುವೆ ಮೊದಲು ಕೆಂಪಾಗಿ ಕಾಣಿಸಿಕೊಂಡು ಆಮೇಲೆ ಹಸಿರಾಗಿ ಬಲಿಯುವ ಹಣ್ಣು. ಅದರಾಚೆ ತೆಂಗು, ಕಾಳುಮೆಣಸು. ಮತ್ತೊಂದೆಡೆ ರಂಬುಟಾನ್, ಮ್ಯಾಂಗೋಸ್ಟಿನ್‌ನಂಥ ಹೊರನಾಡಿನ ಹಣ್ಣಿನ ಮರಗಳು. ಬಗೆಬಗೆಯ ಬಿದಿರಿನ ಮೆಳೆಗಳು. ಜನ ಬಂದು ಸುತ್ತಾಡಿ ನೋಡಬಹುದು. ಅನಾನಸಿನ ರಸ ಕುಡಿದು ಹೋಗಬಹುದು. ಶಾಲೆಯ ಮಕ್ಕಳನ್ನು ಮೇಷ್ಟ್ರುಗಳು ಕರೆತರುತ್ತಾರೆ. ಈ ಕುಟುಂಬದ ಡಾ. ಎಲ್.ಸಿ. ಸೋನ್ಸ್ ಅವರ ಹೆಸರು ಜಿಲ್ಲೆಯ ಕೃಷಿಕರಿಗೆಲ್ಲ ಪರಿಚಿತ.

ಇದು ಪುರಸಭೆಯ ಪಾರ್ಕ್ ಅಲ್ಲ. ದುಡಿಮೆಯ ತೋಟ, ಖಾಸಗಿ ತೋಟ. ಆದರೂ ಪಾರ್ಕಿನಿಂದ ಆಗಬೇಕಾದ ಕೆಲಸವನ್ನೆಲ್ಲ ಇದು ಮಾಡುತ್ತಿದೆ. ಜನರಿಗೆ ನೆರಳು ಕೊಡುತ್ತದೆ. ಮಕ್ಕಳಿಗೆ ಪಾಠ ಹೇಳುತ್ತದೆ. ಕುಟುಂಬದ ಹೆಸರನ್ನು ನಾಲ್ಕು ಜನರ ಬಾಯಲ್ಲಿ ಉಳಿಸಿದೆ.

ಅದು ಕೊಡುವ ಪಾಠ ಯಾವುದು? ನಮ್ಮ ನೆಲ ಮುರಕಲ್ಲಿನ ನೆಲ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಇಳಿಜಾರಿನಲ್ಲಿ ಬಿದ್ದ ನೀರು ತೋಡು ಸೇರಿ, ಹೊಳೆ ಸೇರಿ, ಕಡಲು ಸೇರುತ್ತದೆ. ಮಾರ್ಚ್ ಬರುವಾಗ ಗುಡ್ಡೆಯ ಹುಲ್ಲು ಒಣಗಿ ಬಣ್ಣ ಬದಲಾಗುತ್ತದೆ. ಇಂಥ ಗುಡ್ಡೆಯಲ್ಲಿ ಏನು ಬೆಳೆಯಬಹುದು?

ಅನಾನಸು ಆ ಪ್ರಶ್ನೆಗೆ ಸಿಕ್ಕಿದ ಒಂದು ಉತ್ತರ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಕಾಲದಲ್ಲಿ ನಮ್ಮ ಕರಾವಳಿಗೆ ಬಂತು. ಹಗಲಿನ ಬಿಸಿಲಿನಲ್ಲಿ ಅದು ತನ್ನ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಹಾಗಾಗಿ ನೀರು ಆವಿಯಾಗಿ ಹೋಗುವುದು ಕಡಿಮೆ. ಎಲೆಗಳ ಬುಡದಲ್ಲಿ ಇಬ್ಬನಿಯೂ ನಿಲ್ಲುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಹಣ್ಣು ಕೊಡುತ್ತದೆ. ಹಣ್ಣು ಕೊಯ್ದ ಮೇಲೆ ಬುಡದ ಕಂದು ಮುಂದಿನ ಬೆಳೆಯಾಗುತ್ತದೆ. ಇಳಿಜಾರಿಗೆ ಅಡ್ಡವಾಗಿ ನೆಟ್ಟರೆ ಮಣ್ಣು ಕೊಚ್ಚಿ ಹೋಗದಂತೆಯೂ ತಡೆಯುತ್ತದೆ. ಬೋಳುಗುಡ್ಡೆಯನ್ನು ಕಂಡು ಕೈಚೆಲ್ಲದೆ, ಆ ಗುಡ್ಡೆಗೆ ಯಾವುದು ಒಗ್ಗುತ್ತದೆ ಎಂದು ಹುಡುಕಿದವರ ಬುದ್ಧಿ ಇದರಲ್ಲಿದೆ.

ಇದುವರೆಗೆ ಒಂದು ಕುಟುಂಬ, ಒಂದು ಗುಡ್ಡೆ, ಒಂದು ಬೆಳೆಯ ಬಗ್ಗೆ ಹೇಳಿದೆ. ಹೆಸರು ಮತ್ತು ಕೆಲಸ ಎರಡೂ ಒಂದೇ ಜಾಗದಲ್ಲಿ ಉಳಿದ ಉದಾಹರಣೆ ಅದು. ಇನ್ನು, ನಮ್ಮಲ್ಲಿ ಮನೆತನದ ಹೆಸರು ಎಲ್ಲಿಂದ ಬರುತ್ತದೆ ಎಂದು ನೋಡೋಣ.

ತುಳುನಾಡಿನಲ್ಲಿ ಮನುಷ್ಯನ ಗುರುತು ಮನೆಯ ಹೆಸರಿನಿಂದ. ಮನೆಯ ಗುರುತು ಜಾಗದ ಹೆಸರಿನಿಂದ. ಇಂಥ ಗುತ್ತಿನವರು, ಇಂಥ ಬೀಡಿನವರು, ಇಂಥ ಮಜಲಿನವರು ಎನ್ನುತ್ತೇವೆ. ನಮ್ಮ ಹಿರಿಯರು ಗದ್ದೆಗಳನ್ನು ಮೂರು ಬಗೆ ಮಾಡಿದ್ದರು. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು. ಅದಕ್ಕಿಂತ ಸ್ವಲ್ಪ ಮೇಲಿನದು ಮಜಲು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಬೆಟ್ಟಿನಲ್ಲಿ ಏಣೆಲು ಬೆಳೆ ಮಾತ್ರ. ಮಜಲಿನಲ್ಲಿ ಏಣೆಲಿನ ಮೇಲೆ ಸುಗ್ಗಿಯೂ ಆಗುತ್ತಿತ್ತು. ಒಳ್ಳೆಯ ಬೈಲಿನಲ್ಲಿ ಬೇಸಗೆಯ ಕೊಳಕೆಯೂ ಆಗುತ್ತಿತ್ತು. ಮನೆಯ ಹೆಸರಿನಲ್ಲಿ ಬೈಲು ಎಂದಿದ್ದರೆ ಅಲ್ಲಿ ನೀರು ಇತ್ತು ಎಂದು ತಿಳಿಯಬಹುದು.

ಆದ್ದರಿಂದ ನಮ್ಮಲ್ಲಿ ಮನೆತನದ ಹೆಸರು ಒಬ್ಬ ವ್ಯಕ್ತಿಯ ದೊಡ್ಡಸ್ತಿಕೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಒಂದು ಜಾಗದ ಸ್ವಭಾವವನ್ನು ಹೇಳುತ್ತದೆ. ಬಡಾವಣೆ ಬಂದಾಗ ಮೊದಲು ಅಳಿಯುವುದು ಇಂಥ ಹೆಸರುಗಳೇ. ಮಜಲು ಹೋಗಿ ಯಾವುದೋ ಎನ್‌ಕ್ಲೇವ್ ಬರುತ್ತದೆ. ಬೈಲು ಹೋಗಿ ಯಾವುದೋ ಗಾರ್ಡನ್ ಬರುತ್ತದೆ. ಬೈಲು ಎಂಬ ಹೆಸರು ಮರೆತಲ್ಲಿ ಮನೆ ಕಟ್ಟಿದವರ ಅಂಗಳಕ್ಕೆ ಜುಲೈಯಲ್ಲಿ ನೀರು ನುಗ್ಗುತ್ತದೆ. ಪಾರ್ಕಿಗೆ ಹಳೆಯ ಮನೆತನದ ಹೆಸರಿಟ್ಟರೆ ಆ ಜಾಗಕ್ಕೆ ಅದರ ಹಳೆಯ ಗುರುತನ್ನು ಹಿಂದಿರುಗಿಸಿದಂತಾಗುತ್ತದೆ. ಅಲ್ಲಿ ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂದು ಮುಂದಿನವರು ಕೇಳಲು ಒಂದು ದಾರಿಯಾಗುತ್ತದೆ.

ಮನೆತನದ ಹೆಸರು ಜಾಗದಿಂದ ಬರುತ್ತದೆ ಎಂದೆ. ಅಂಥ ಹೆಸರೊಂದು ಈಗಾಗಲೇ ನಮ್ಮ ಜಿಲ್ಲಾ ಕೇಂದ್ರದ ಉದ್ಯಾನವೊಂದರ ಬಳಿ ನಿಂತಿದೆ. ಆ ಕಥೆಯನ್ನು ಈಗ ಹೇಳುತ್ತೇನೆ.

ಮಂಗಳೂರಿನ ಬಾವುಟಗುಡ್ಡೆ. ಅಲ್ಲಿ ಟಾಗೋರ್ ಪಾರ್ಕ್ ಇದೆ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅದು ಕೆದಂಬಾಡಿ ರಾಮಯ್ಯ ಗೌಡರದು. ಅವರು ಸುಳ್ಯ ಸೀಮೆಯ ಕೃಷಿಕ ಮನೆತನದವರು. 1834ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾಯಿತು. ಸುಳ್ಯ, ಪುತ್ತೂರು ಕಡೆಯ ಪ್ರದೇಶಗಳನ್ನು ಕೊಡಗಿನಿಂದ ತೆಗೆದು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಇನ್ನು ನಗದಾಗಿಯೇ ಕೊಡಬೇಕು ಎಂದಾಯಿತು. ಬೆಳೆ ಇದ್ದರೂ ಕೈಯಲ್ಲಿ ಕಾಸಿಲ್ಲದ ರೈತ ಸಾಲಕ್ಕೆ ಸಿಕ್ಕಿಬಿದ್ದ.

1837ರಲ್ಲಿ ಆ ಸಿಟ್ಟು ಸಿಡಿಯಿತು. ರಾಮಯ್ಯ ಗೌಡರು ಮುಂದಾಳುಗಳಲ್ಲಿ ಒಬ್ಬರಾಗಿದ್ದ ರೈತರ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. ಬಂಟ್ವಾಳದ ಮೂಲಕ ಸಾಗಿ ಏಪ್ರಿಲ್ 5ರಂದು ಮಂಗಳೂರನ್ನು ಸೇರಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಂಪೆನಿಯ ಸೈನ್ಯ ಬಂದು ದಂಗೆಯನ್ನು ಹತ್ತಿಕ್ಕಿತು. ನಾಯಕರನ್ನು ಗಲ್ಲಿಗೇರಿಸಿತು. ಇದನ್ನೇ ನಾವು ಅಮರ ಸುಳ್ಯದ ದಂಗೆ ಎನ್ನುತ್ತೇವೆ. ನೇಗಿಲು ಹಿಡಿದ ಕೈಗಳು ಎದ್ದು ನಿಂತ ಆ ಕಥೆ ಜನರ ನೆನಪಿನಲ್ಲಿ ಉಳಿಯಿತು. ಪ್ರತಿಮೆಯಾಗಲು 185 ವರ್ಷ ಬೇಕಾಯಿತು.

ಪ್ರತಿಮೆ ಬಂದದ್ದು ನನಗೆ ಸಂತೋಷ. ರೈತನೊಬ್ಬನ ಮನೆಯ ಹೆಸರು ನಗರದ ನಡುವೆ ನಿಂತಿತು. ಆದರೆ ಕೃಷಿಕರು ಪ್ರತಿಮೆಯಾಗಲು ದಂಗೆಯೇ ಏಳಬೇಕಾಗಿಲ್ಲ. ಬದುಕಿಡೀ ಶಾಂತವಾಗಿ ಮಣ್ಣಿನಲ್ಲಿ ಮಾಡಿದ ಕೆಲಸಕ್ಕೂ ಆ ಗೌರವ ಸಲ್ಲಬೇಕು. ಅಂಥ ಕೆಲಸದ ಮೂರು ಬಗೆಗಳನ್ನು ಈಗ ಒಂದೊಂದಾಗಿ ಹೇಳುತ್ತೇನೆ. ಒಂದು ನೀರು. ಎರಡು ಮಾರುಕಟ್ಟೆ. ಮೂರು ಬೀಜ.

ಮೊದಲನೆಯದು ನೀರು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರ ಕೇಪು ಗ್ರಾಮವಿದೆ. ಅಲ್ಲಿಯ ಅಮೈಯ ಮಹಾಲಿಂಗ ನಾಯ್ಕರ ಹೆಸರನ್ನು ನೀವೆಲ್ಲ ಕೇಳಿರಬಹುದು. ಅವರು ಅಡಿಕೆ ಮರ, ತೆಂಗಿನ ಮರ ಏರುವ ಕೂಲಿ ಕೆಲಸ ಮಾಡುತ್ತಿದ್ದವರು. 1978ರ ಹೊತ್ತಿಗೆ ಅವರ ದುಡಿಮೆಯನ್ನು ಮೆಚ್ಚಿದ ಜಮೀನುದಾರರೊಬ್ಬರು ಎರಡು ಎಕರೆ ಜಾಗ ಕೊಟ್ಟರು. ಅದು ಗುಡ್ಡೆಯ ಇಳಿಜಾರು. ಒಂದು ಹನಿ ನೀರಿಲ್ಲ. ಬಾವಿ ತೋಡಿಸಲು ಹಣವಿಲ್ಲ.

ಅವರು ಸುರಂಗ ಕೊರೆಯಲು ಹೊರಟರು. ಸುರಂಗ ಎಂದರೆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆಯುವ ಕಿರಿದಾದ ದಾರಿ. ಒಬ್ಬ ಮನುಷ್ಯ ನುಸುಳಿ ನಿಲ್ಲುವಷ್ಟು ಅಗಲ, ಎತ್ತರ. ಮಳೆಗಾಲದಲ್ಲಿ ಗುಡ್ಡೆ ಕುಡಿದ ನೀರು ಒಳಗಿನ ಮಣ್ಣಿನ ಪದರಗಳಲ್ಲಿ ಜಿನುಗುತ್ತದೆ. ಸುರಂಗ ಆ ಪದರವನ್ನು ಮುಟ್ಟಿದರೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ಹಗಲು ಕೂಲಿ, ಆಮೇಲೆ ಸುರಂಗ. ಗಾಳಿಯಿಲ್ಲದ ಕತ್ತಲೆಯಲ್ಲಿ ದೀಪ ಹಚ್ಚಿಕೊಂಡು ಒಬ್ಬರೇ ಅಗೆದರು. ಮಣ್ಣನ್ನು ಒಬ್ಬರೇ ಹೊತ್ತು ಹೊರಹಾಕಿದರು. ಒಂದಲ್ಲ, ಎರಡಲ್ಲ, ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ವರ್ಷಗಳೇ ಕಳೆದುಹೋದವು. ಆರನೆಯದರಲ್ಲಿ ಸಿಕ್ಕಿತು. ಆ ಬೋಳು ಇಳಿಜಾರಿನಲ್ಲಿ ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಎದ್ದು ನಿಂತವು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿಸಿತು.

ಸುರಂಗ ನಮ್ಮ ಜಿಲ್ಲೆಯ ದಕ್ಷಿಣ ಭಾಗದಲ್ಲೂ ಕಾಸರಗೋಡಿನಲ್ಲೂ ಹಬ್ಬಿದ ಹಳೆಯ ವಿದ್ಯೆ. ಇದರ ಜೊತೆಗೆ ಮದಕ ಇದೆ. ಗುಡ್ಡೆಯ ತಗ್ಗಿಗೆ ಒಡ್ಡು ಹಾಕಿ ಮಳೆನೀರನ್ನು ತಡೆದು ನಿಲ್ಲಿಸಿ ಇಂಗಿಸುವ ಕೆರೆ ಅದು. ಕಟ್ಟ ಇದೆ. ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ಕಲ್ಲು ಮಣ್ಣಿನಿಂದ ತೋಡಿಗೆ ಅಡ್ಡ ಕಟ್ಟುವ ತಾತ್ಕಾಲಿಕ ಒಡ್ಡು. ಮುಂದಿನ ಮಳೆಗೆ ಅದು ಕೊಚ್ಚಿ ಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ಒಂದು ಕಟ್ಟದಿಂದ ಹತ್ತು ಮನೆಯ ಬಾವಿಯಲ್ಲಿ ನೀರು ನಿಲ್ಲುತ್ತದೆ. ಈ ವಿದ್ಯೆಯ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ ಇಂಥ ಕೃಷಿಕರ ಅನುಭವವನ್ನು ಕೃಷಿಕರ ಮಾತಿನಲ್ಲೇ ದಾಖಲಿಸುತ್ತಿದೆ.

ನೀರಿನ ಕೆಲಸದ ಬಗ್ಗೆ ಹೇಳಿದೆ. ನೀರು ಸಿಕ್ಕಿತು, ಬೆಳೆ ಬಂತು. ಆದರೆ ಬೆಳೆದದ್ದಕ್ಕೆ ಬೆಲೆ ಬೇಕಲ್ಲ? ಎರಡನೆಯ ಬಗೆಯ ಕೆಲಸ ಅದು, ಮಾರುಕಟ್ಟೆ ಕಟ್ಟುವುದು.

ಇದಕ್ಕೂ ಅಡ್ಯನಡ್ಕದ ಆಸುಪಾಸಿಗೇ ಬರಬೇಕು. ಅಲ್ಲಿಯ ವಾರಣಾಶಿ ಮನೆತನದ ಸುಬ್ರಾಯ ಭಟ್ಟರು ಕೃಷಿಕರು. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದುಬಿತ್ತು. ಬೆಳೆಗಾರನ ಕೈಯಲ್ಲಿ ಬೆಳೆ ಇತ್ತು, ಬೆಲೆ ಹೇಳುವ ಅಧಿಕಾರ ಇರಲಿಲ್ಲ. ಆಗ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಟ್ಟಾಗಿ 1973ರ ಜುಲೈಯಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಸುಬ್ರಾಯ ಭಟ್ಟರು ಅದರ ಸ್ಥಾಪಕಾಧ್ಯಕ್ಷರು. ಸಂಸ್ಥೆ ಮಾರುಕಟ್ಟೆಗೆ ಇಳಿದು ಅಡಿಕೆ ಖರೀದಿಸಿತು. ಬೆಳೆಗಾರನಿಗೆ ಒಂದು ಆಸರೆ ಸಿಕ್ಕಿತು.

ಮುಂದೆ ಕೊಕ್ಕೊ ಬೆಳೆದವರಿಗೂ ಅದೇ ಕಷ್ಟ ಬಂತು. ಕೊಳ್ಳುವವರು ಹಿಂದೆ ಸರಿದರು. ಕ್ಯಾಂಪ್ಕೊ ಕೊಕ್ಕೊವನ್ನೂ ಖರೀದಿಸಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು. ತೋಟದಲ್ಲಿ ಬೆಳೆದ ಕೊಕ್ಕೊ ಅದೇ ಜಿಲ್ಲೆಯಲ್ಲಿ ಚಾಕಲೇಟು ಆಯಿತು. ವಾರಣಾಶಿ ಮನೆತನದ ಮುಂದಿನ ತಲೆಮಾರು ಸಾವಯವ ಕೃಷಿ ಮತ್ತು ಕೃಷಿ ಸಂಶೋಧನೆಯ ಕೆಲಸವನ್ನು ಅದೇ ನೆಲದಲ್ಲಿ ಮುಂದುವರಿಸಿತು.

ಬಂಟ್ವಾಳ ತಾಲೂಕಿನದೇ ಆದ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ. 1956ರಿಂದ ಅದು ಕೆಲಸ ಮಾಡುತ್ತಿದೆ. ಬೇಗ ಫಸಲು ಕೊಡುವ ಮಂಗಳ ತಳಿ ಅಲ್ಲಿಂದಲೇ ಬೆಳೆಗಾರರ ತೋಟಕ್ಕೆ ಬಂತು. ಒಬ್ಬ ಕೂಲಿಕಾರ ನೀರು ತಂದ. ಒಂದು ಮನೆತನ ಸಹಕಾರ ತಂದಿತು. ಒಂದು ಕೇಂದ್ರ ತಳಿ ತಂದಿತು. ಇವೆಲ್ಲ ಒಂದೇ ತಾಲೂಕಿನೊಳಗೆ ನಡೆದವು. ಬಂಟ್ವಾಳದ ಮಕ್ಕಳಿಗೆ ಇದು ಗೊತ್ತಿರಬೇಡವೇ?

ನೀರಿನ ಬಗ್ಗೆ ಹೇಳಿದೆ, ಮಾರುಕಟ್ಟೆಯ ಬಗ್ಗೆ ಹೇಳಿದೆ. ಮೂರನೆಯದು ಬೀಜ. ಅದಕ್ಕಾಗಿ ಬೆಳ್ತಂಗಡಿಗೆ ಹೋಗೋಣ.

ಬೆಳ್ತಂಗಡಿ ತಾಲೂಕು ಪಶ್ಚಿಮ ಘಟ್ಟದ ಬುಡದಲ್ಲಿದೆ. ಚಾರ್ಮಾಡಿ ಘಾಟಿಯೂ ಅಲ್ಲೇ. ಗಡಾಯಿಕಲ್ಲು ಎಂದು ಕರೆಯುವ ಜಮಲಾಬಾದಿನ ಒಂಟಿ ಬಂಡೆಯೂ ಅಲ್ಲೇ. ಅಲ್ಲಿಯ ಮಿತ್ತಬಾಗಿಲು ಗ್ರಾಮದ ಕೃಷಿಕ ಬಿ.ಕೆ. ದೇವರಾವ್ ಅವರು ನೂರಕ್ಕೂ ಮಿಕ್ಕಿದ ದೇಸಿ ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲಿ ಉಳಿಸಿಕೊಂಡು ಬಂದವರು. ಗಡಿಯಾಚೆ ಕಾಸರಗೋಡಿನ ಸತ್ಯನಾರಾಯಣ ಬೇಳೇರಿ ಅವರು ಆರುನೂರಕ್ಕೂ ಹೆಚ್ಚು ತಳಿಗಳನ್ನು ಕಾಪಾಡಿದ್ದಾರೆ. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು.

ಬೀಜ ಉಳಿಸುವುದು ಎಂದರೇನು? ಡಬ್ಬಿಯಲ್ಲಿ ತುಂಬಿಸಿ ಕಪಾಟಿನಲ್ಲಿ ಇಟ್ಟರೆ ಭತ್ತ ಉಳಿಯುವುದಿಲ್ಲ. ಎರಡು ಮೂರು ವರ್ಷದಲ್ಲಿ ಅದರ ಮೊಳೆಯುವ ಶಕ್ತಿ ಹೋಗುತ್ತದೆ. ಹಾಗಾಗಿ ಪ್ರತಿಯೊಂದು ತಳಿಯನ್ನೂ ಮತ್ತೆ ಮತ್ತೆ ಬಿತ್ತಬೇಕು. ನೇಜಿ ನೆಡಬೇಕು. ಒಂದು ತಳಿ ಇನ್ನೊಂದಕ್ಕೆ ಬೆರೆಯದಂತೆ ಬೇರೆ ಬೇರೆಯಾಗಿ ಕೊಯ್ಯಬೇಕು, ಒಣಗಿಸಬೇಕು, ಹೆಸರು ಬರೆದಿಡಬೇಕು. ಒಂದು ವರ್ಷ ತಪ್ಪಿಸುವಂತಿಲ್ಲ ಎಂಬ ಎಚ್ಚರ ಬೇಕು. ಕಯಮೆ, ಅತಿಕರಾಯ, ಗಂಧಸಾಲೆ. ಇವು ನಮ್ಮ ಅಜ್ಜಿಯರಿಗೆ ಬಾಯಿಪಾಠ. ಯಾವುದು ಬೈಲಿಗೆ, ಯಾವುದು ಬೆಟ್ಟಿಗೆ, ಯಾವುದರ ಗಂಜಿ ರುಚಿ, ಯಾವುದರ ಹುಲ್ಲು ಹಸುವಿಗೆ ಒಳ್ಳೆಯದು ಎಂದು ಅವರಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದವು. ಉಳಿದವು ನಿವೇಶನಗಳಾದವು. ತಳಿಯ ಜೊತೆಗೆ ಆ ತಿಳಿವಳಿಕೆಯೂ ಹೊರಟುಹೋಗುತ್ತಿದೆ. ಅದನ್ನು ಹಿಡಿದು ನಿಲ್ಲಿಸಿದ ಮನೆಗಳು ಬೆರಳೆಣಿಕೆಯಷ್ಟು.

ಇದುವರೆಗೆ ನೀರು, ಮಾರುಕಟ್ಟೆ, ಬೀಜ ಈ ಮೂರರ ಬಗ್ಗೆ ಹೇಳಿದೆ. ಈಗ ಒಂದು ಕಷ್ಟದ ಪ್ರಶ್ನೆಗೆ ಬರುತ್ತೇನೆ. ಪಾರ್ಕಿಗೆ ಕೃಷಿಕ ಮನೆತನದ ಹೆಸರು ಇಡೋಣ ಎಂದೆ. ಯಾವ ಮನೆತನದ್ದು?

ನಮ್ಮ ಜಿಲ್ಲೆಯಲ್ಲಿ ಭೂಮಿಯ ಒಡೆತನ ಬಹುಕಾಲ ಕೆಲವರ ಕೈಯಲ್ಲಿತ್ತು. ದುಡಿಯುವವರು ಗೇಣಿ ಒಕ್ಕಲುಗಳು. ಮೂಲಗೇಣಿ ಇದ್ದವರಿಗೆ ಕೊಂಚ ಭದ್ರತೆ ಇತ್ತು. ಚಾಲಗೇಣಿಯವರನ್ನು ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ವರ್ಷವಿಡೀ ದುಡಿದು, ಗೇಣಿಯ ಅಕ್ಕಿಮುಡಿಗಳನ್ನು ಹೊತ್ತು ಧಣಿಯ ಮನೆಗೆ ಮುಟ್ಟಿಸಿ, ಮಳೆಗಾಲದಲ್ಲಿ ತಾವೇ ಅಕ್ಕಿಗಾಗಿ ಸಾಲ ಕೇಳಿದ ಒಕ್ಕಲುಗಳು ಎಷ್ಟೋ. 1974ರ ಮಾರ್ಚ್ 1ರಿಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರು ಆಗ ಮುಖ್ಯಮಂತ್ರಿ. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಯಿತು. ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಕುಟುಂಬಗಳು ನಮ್ಮ ಊರೂರಿನಲ್ಲಿ ಇವೆ. ಇಂದು ಹಸಿರಾಗಿ ಕಾಣುವ ಎಷ್ಟೋ ತೋಟಗಳು ಆ ಒಕ್ಕಲು ಮಕ್ಕಳು ಎಬ್ಬಿಸಿದ ತೋಟಗಳು.

ಇನ್ನು, ಭೂಮಿಯೇ ಸಿಗದೆ ಪರರ ಗದ್ದೆಯಲ್ಲಿ ದುಡಿದವರು ಇದ್ದಾರೆ. ಬೆನ್ನು ಬಗ್ಗಿಸಿ, ಪಾಡ್ದನ ಹಾಡುತ್ತ, ಸುರಿವ ಮಳೆಯಲ್ಲಿ ನೇಜಿ ನೆಟ್ಟ ಹೆಂಗಸರು ಇದ್ದಾರೆ. ಅವರ ಹೆಸರಿನಲ್ಲಿ ಪಟ್ಟೆ ಇಲ್ಲ, ಪಹಣಿ ಇಲ್ಲ. ಆದರೆ ಅವರಿಲ್ಲದೆ ಯಾವ ಗುತ್ತಿನ ಕಣಜವೂ ತುಂಬಲಿಲ್ಲ.

ಆದ್ದರಿಂದ ನಾನು ಗಟ್ಟಿಯಾಗಿ ಹೇಳುತ್ತೇನೆ. ಹೆಸರಿಡುವಾಗ ಒಡೆತನವನ್ನು ಅಳೆಯಬಾರದು. ದುಡಿಮೆಯನ್ನು ಅಳೆಯಬೇಕು. ದೊಡ್ಡ ಮನೆತನವೊಂದು ಊರಿಗೆ ಕೆರೆ ತೋಡಿಸಿದ್ದರೆ ಅದರ ಹೆಸರು ಇರಲಿ. ಒಕ್ಕಲು ಮನೆತನವೊಂದು ಬೋಳುಗುಡ್ಡೆಯನ್ನು ತೋಟ ಮಾಡಿದ್ದರೆ ಅದರ ಹೆಸರೂ ಇರಲಿ. ಮಹಾಲಿಂಗ ನಾಯ್ಕರು ಕೈಯಲ್ಲಿ ಪಿಕಾಸಿ ಹಿಡಿದು ಹೊರಟಾಗ ಅವರ ಹಿಂದೆ ಯಾವ ದೊಡ್ಡ ಮನೆತನವೂ ಇರಲಿಲ್ಲ. ಇಂದು ಅಮೈ ಎಂಬ ಹೆಸರನ್ನು ದೇಶವೇ ಬಲ್ಲದು.

ಯಾರ ಹೆಸರು ಎಂಬುದಕ್ಕೆ ನನ್ನ ಉತ್ತರ ಹೇಳಿದೆ. ಕೊನೆಯದಾಗಿ, ಹೆಸರಿಟ್ಟ ಮೇಲೆ ಆ ಪಾರ್ಕ್ ಹೇಗಿರಬೇಕು ಎಂಬುದನ್ನು ಹೇಳುತ್ತೇನೆ.

ಮೂಡುಬಿದಿರೆಯ ಕಡಲಕೆರೆ ನಿಸರ್ಗಧಾಮವನ್ನು ನೋಡಿ. ಒಂದು ದೊಡ್ಡ ಕೆರೆ. ಅದರ ಸುತ್ತ ಮರಗಳು. ಪಕ್ಕದಲ್ಲಿ ಕಂಬಳದ ಜೋಡುಕರೆ. ಅಲ್ಲಿ ನಡೆಯುವ ಕಂಬಳ ಕೋಟಿ ಚೆನ್ನಯರ ಹೆಸರಿನದು. ಪಾಡ್ದನದ ಆ ಅವಳಿ ವೀರರ ಕಥೆಯಲ್ಲೂ ಕಂಬಳದ ಗದ್ದೆಯ ಜಗಳ ಬರುತ್ತದೆ. ಕೆರೆ, ಮರ, ಕೋಣ, ಗದ್ದೆಯ ಕೆಸರು ಎಲ್ಲವೂ ಒಂದೆಡೆ ಇವೆ. ಪಾರ್ಕ್ ಎಂದರೆ ಊರಿನ ಬದುಕಿನಿಂದ ಹೊರಗಿರುವ ಜಾಗವಲ್ಲ ಎಂಬುದನ್ನು ಕಡಲಕೆರೆ ತೋರಿಸುತ್ತದೆ. ಮಂಗಳೂರಿನ ಹೊರವಲಯದ ಪಿಲಿಕುಳದಲ್ಲೂ ಪಶ್ಚಿಮ ಘಟ್ಟದ ಮರಗಿಡಗಳನ್ನು ಬೆಳೆಸಿದ್ದಾರೆ, ಗುತ್ತಿನ ಮನೆಯೊಂದನ್ನು ಕಟ್ಟಿ ನಿಲ್ಲಿಸಿದ್ದಾರೆ. ದೊಡ್ಡ ಜಾಗದಲ್ಲಿ ಆದದ್ದು ಸಣ್ಣ ಜಾಗದಲ್ಲೂ ಆಗಬಹುದು.

ಬಡಾವಣೆಯ ಪಾರ್ಕ್ ಚಿಕ್ಕದು. ಹತ್ತು ಸೆಂಟ್ಸ್ ಇರಬಹುದು, ಇಪ್ಪತ್ತು ಸೆಂಟ್ಸ್ ಇರಬಹುದು. ಸಾಮಾನ್ಯವಾಗಿ ಅಲ್ಲಿ ಇಂಟರ್‌ಲಾಕ್ ಹಾಸುತ್ತಾರೆ. ಹೊರಗಿನಿಂದ ತಂದ ಹುಲ್ಲುಹಾಸು ಹಾಕುತ್ತಾರೆ. ಮಳೆನೀರು ಇಂಟರ್‌ಲಾಕಿನ ಮೇಲೆ ಜಾರಿ ಚರಂಡಿಗೆ ಹೋಗುತ್ತದೆ. ಬೇಸಗೆಯಲ್ಲಿ ಹುಲ್ಲಿಗೆ ಟ್ಯಾಂಕರಿನ ನೀರು ಬರುತ್ತದೆ. ಕೃಷಿಕರ ಹೆಸರಿನ ಪಾರ್ಕಿನಲ್ಲಿ ಹೀಗಾಗಬಾರದು.

ಅಲ್ಲಿ ಮೊದಲು ನೀರು ನಿಲ್ಲಬೇಕು. ಇಳಿಜಾರಿಗೆ ಅಡ್ಡವಾಗಿ ಇಂಗುಗುಂಡಿ, ಉದಿಬದು ಮಾಡೋಣ. ಪಾರ್ಕಿನಲ್ಲಿ ಇಂಗಿದ ನೀರು ಸುತ್ತಲಿನ ಬಾವಿಗಳಿಗೆ ಏಪ್ರಿಲಿನಲ್ಲಿ ಸಿಗುತ್ತದೆ. ಎರಡನೆಯದು, ನಮ್ಮ ಮರಗಳು ಇರಲಿ. ಕಾಟುಮಾವು, ಹಲಸು, ಹೆಬ್ಬಲಸು, ಪುನರ್ಪುಳಿ, ನೇರಳೆ, ಅಮಟೆ, ರೆಂಜೆ, ಸಂಪಿಗೆ. ಹಕ್ಕಿಗೂ ಹಣ್ಣು, ಮಕ್ಕಳಿಗೂ ಹಣ್ಣು. ಮೂರನೆಯದು, ಜಾಗವಿದ್ದರೆ ಎರಡು ಸೆಂಟ್ಸ್ ಗದ್ದೆ ಇರಲಿ. ಹತ್ತಿರದ ಶಾಲೆಯ ಮಕ್ಕಳು ಆಟಿಗೆ ಮುಂಚೆ ನೇಜಿ ನೆಡಲಿ, ದೀಪಾವಳಿಯ ಹೊತ್ತಿಗೆ ಕೊಯ್ಯಲಿ. ಒಂದೊಂದು ವರ್ಷ ಒಂದೊಂದು ದೇಸಿ ತಳಿ. ನಾಲ್ಕನೆಯದು, ಒಂದು ಫಲಕ. ಕನ್ನಡದಲ್ಲೂ ತುಳುವಿನಲ್ಲೂ ಇರಲಿ. ಈ ಮನೆತನ ಈ ನೆಲಕ್ಕೆ ಏನು ಮಾಡಿತು, ಅವರ ಜೊತೆಗೆ ದುಡಿದವರು ಯಾರು, ಇಲ್ಲಿಯ ತೋಡು ಎಲ್ಲಿ ಹರಿಯುತ್ತಿತ್ತು ಎಂಬುದನ್ನು ಅದು ಹೇಳಲಿ.

ಇದಕ್ಕೆ ದೊಡ್ಡ ಹಣ ಬೇಡ. ಬಂಟ್ವಾಳ ಮತ್ತು ಮೂಡುಬಿದಿರೆಯಲ್ಲಿ ಪುರಸಭೆ ಇದೆ. ಬೆಳ್ತಂಗಡಿಯಲ್ಲಿ ಪಟ್ಟಣ ಪಂಚಾಯತು ಇದೆ. ಯುವಕ ಮಂಡಲಗಳಿವೆ, ಸ್ವಸಹಾಯ ಸಂಘಗಳಿವೆ, ಸಹಕಾರಿ ಸಂಘಗಳಿವೆ. ಶ್ರಮದಾನ ನಮಗೆ ಹೊಸತಲ್ಲ. ಕಟ್ಟ ಕಟ್ಟಿದ ಊರು ನಮ್ಮದು.

ಕೇಳುಗರೇ, ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ವಾರ್ಡಿನಲ್ಲಿ ಹೆಸರಿಲ್ಲದ ಒಂದು ಪಾರ್ಕ್ ಇದೆಯೇ ನೋಡಿ. ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ಕೇಳಿ, ಬಡಾವಣೆ ಬರುವ ಮೊದಲು ಈ ಜಾಗದಲ್ಲಿ ಏನಿತ್ತು, ಯಾರು ದುಡಿಯುತ್ತಿದ್ದರು ಎಂದು. ಉತ್ತರವನ್ನು ಬರೆದಿಡಿ. ನಾಲ್ಕು ಜನ ಸಹಿ ಹಾಕಿ ಪುರಸಭೆಗೆ, ಪಂಚಾಯತಿಗೆ ಅರ್ಜಿ ಕೊಡಿ. ಹೆಸರು ಒಪ್ಪಿಗೆಯಾದ ದಿನ ನಾಮಫಲಕದ ಜೊತೆಗೆ ಒಂದು ಹಲಸಿನ ಗಿಡವನ್ನೂ ನೆಟ್ಟು, ಅದಕ್ಕೆ ನೀರೆರೆಯುವ ಹೊಣೆಯನ್ನು ನೀವೇ ಹೊತ್ತುಕೊಳ್ಳಿ.